ಆಡಂ ಕ್ರೇಮರನ ಮಗ

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಫೋನು ಬರುತ್ತಿತ್ತು. ಹತ್ತು ನಿಮಿಷ ಮೊದಲೇ ನಾನು ನೀರು ಕುಡಿದು, ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೂರುತ್ತಿದ್ದೆ. ಬೆಳಗಿನಿಂದ ಯಾರೊಡನೆಯೂ ಮಾತಾಡಿರುವುದಿಲ್ಲವಾದ್ದರಿಂದ ಮೊದಲ ಮಾತು ಒಡಕು ದನಿಯಲ್ಲಿ ಬರುತ್ತದೆ. ಅದು ಅವರಿಗೆ ಕೇಳಿಸುವುದು ನನಗೆ ಬೇಡವಾಗಿತ್ತು.

ಅವರೆಂದರೆ ಮಿಸ್ ಅಡೆಲೀನ್ ಕ್ರೇಮರ್. ಅಮೆರಿಕದವರು, ನ್ಯೂಯಾರ್ಕ್ ರಾಜ್ಯದ ಒಳನಾಡಿನ ಒಂದು ಸಣ್ಣ ಊರಿನಲ್ಲಿ ಒಬ್ಬರೇ ಇರುವ ನಿವೃತ್ತ ಶಾಲಾ ಟೀಚರು. ಎಂಬತ್ತೆರಡು ವರ್ಷ. ಮದುವೆಯಾಗಿಲ್ಲ. ವಂಶದ ಆ ಕವಲಿನಲ್ಲಿ ಕ್ರೇಮರ್ ಎಂಬ ಹೆಸರು ಅವರೊಡನೆ ಮುಗಿಯುತ್ತದೆ. ಅವರ ವಂಶದಲ್ಲಿ ಮೊದಲು ಅಮೆರಿಕಕ್ಕೆ ಹೋದವನು ವೆಂಡೆಲ್ ಕ್ರೇಮರ್ ಎಂಬ ಬಡ ಜರ್ಮನ್ ಕೂಲಿಯವನು. ಅವನಿಂದ ಈಚೆಗೆ ಎಂಟು ತಲೆಮಾರು ಅವರಿಗೆ ಬಾಯಿಪಾಠ. ಅವನಿಂದ ಆಚೆಗೆ ಏನೇನೂ ಗೊತ್ತಿಲ್ಲ. ಅವನ ಅಪ್ಪ ಯಾರು, ಅವನು ಹೊರಟದ್ದು ಯಾವ ಊರಿನಿಂದ ಎನ್ನುವುದನ್ನು ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು.

ನಮ್ಮ ಆಫೀಸೆಂದರೆ ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಒಂದು ಗೋದಾಮಿನ ಮೇಲಿನ ಎರಡು ಕೋಣೆ. ಸತ್ಯಪ್ರಕಾಶ್ ಸರ್ ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದು, ಕೆಂಟನ್‌ನಲ್ಲಿ ಮನೆ ಮಾಡಿ, ಆಮೇಲೆ ಅಮೆರಿಕನ್ನರಿಗೆ ಪೂರ್ವಿಕರನ್ನು ಹುಡುಕಿಕೊಡುವ ಈ ವ್ಯವಹಾರ ಶುರುಮಾಡಿದವರು. "ಒಳ್ಳೆ ಪುಣ್ಯದ ಕೆಲಸ ಕಣಮ್ಮಾ ಇದು. ಗಯಾದಲ್ಲಿ ಪಂಡಾಗಳು ವಂಶಾವಳಿ ಚೋಪಡಿ ಬಿಚ್ಚಿ ನಿಮ್ಮ ಮುತ್ತಾತ ಇವರು ಅಂತ ಹೇಳಲ್ವಾ? ನಾವೂ ಹಂಗೇ. ಪಿಂಡ ಒಂದು ಇಡ್ಸಲ್ಲ, ಅಷ್ಟೆ" ಎಂದು ಮೊದಲ ದಿನವೇ ಹೇಳಿದ್ದರು. ಅವರು ವಾರಕ್ಕೆ ಎರಡು ದಿನ ಬರುತ್ತಾರೆ. ಮಿಕ್ಕ ದಿನ ನಾನೊಬ್ಬಳೇ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಹಳೆಯ ಜರ್ಮನ್ ಕೈಬರಹ ಓದುವುದನ್ನು ಕಲಿತಿದ್ದೆ. ಓದಬಲ್ಲೆ, ಮಾತಾಡಲಾರೆ. ಈ ಊರಿನಲ್ಲಿ ನನ್ನ ಇಂಗ್ಲಿಷಿನದೂ ಹೆಚ್ಚುಕಡಿಮೆ ಅದೇ ಪಾಡು.

1709ರ ಬೇಸಿಗೆಯಲ್ಲಿ ರೈನ್ ನದಿಯ ಕಡೆಯಿಂದ ಸಾವಿರಾರು ಬಡ ಜನ ಲಂಡನ್ನಿಗೆ ಬಂದಿಳಿದರು. ಇಂಗ್ಲೆಂಡಿನ ರಾಣಿ ತಮ್ಮನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸುತ್ತಾಳೆಂಬ ಸುದ್ದಿ ನಂಬಿ ಬಂದವರು. ಇರಿಸಲು ಜಾಗವಿಲ್ಲದೆ ಅವರಿಗೆ ಬ್ಲಾಕ್‌ಹೀತ್ ಬಯಲಿನಲ್ಲಿ ಡೇರೆ ಹಾಕಿಸಿಕೊಟ್ಟರು. ಬಂದವರು ಯಾರು ಯಾರೆಂದು ಪಾದ್ರಿಗಳು ಪಟ್ಟಿ ಬರೆದುಕೊಂಡರು. ಆ ಪಟ್ಟಿಯಲ್ಲಿ ನಮ್ಮವನಿದ್ದಾನೆ: ವೆಂಡೆಲ್ ಕ್ರೇಮರ್, ಮೂವತ್ತೊಂದು ವರ್ಷ, ದ್ರಾಕ್ಷಿತೋಟದ ಕೆಲಸ, ಹೆಂಡತಿ ಇದ್ದಾಳೆ, ಮಕ್ಕಳಿಲ್ಲ. ಊರಿನ ಹೆಸರಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಬ್ಲಾಕ್‌ಹೀತ್‌ಗೆ ಹೋಗಿ, ಮಿಸ್ ಕ್ರೇಮರ್ ಅವರಿಗೆ ವಿಡಿಯೋ ಕಾಲ್ ಮಾಡಿ ಬಯಲನ್ನು ತೋರಿಸಿದೆ.

"ಏನೂ ಇಲ್ಲವಾ? ಒಂದು ಕಲ್ಲಾದರೂ?"

"ಇಲ್ಲ. ಹುಲ್ಲಿದೆ. ಒಂದು ಐಸ್‌ಕ್ರೀಮ್ ಗಾಡಿ ಇದೆ."

"ಸರಿ, ಅದನ್ನೇ ತೋರಿಸು."

ತೋರಿಸಿದೆ. ಆ ಚಳಿಯಲ್ಲಿ ನನಗೊಂದು ಕೊಳ್ಳಲು ಹೇಳಿದರು, ಕೊಂಡೆ. ನಾನು ತಿನ್ನುವುದನ್ನು ಅವರು ಸುಮ್ಮನೆ ನೋಡುತ್ತಿದ್ದರು. ಆ ಕಾಲದಲ್ಲಿ ಭಾನುವಾರ ಬಂತೆಂದರೆ ಲಂಡನ್ನಿನವರು ಡೇರೆಯ ಜನರನ್ನು ನೋಡಲೆಂದೇ ಬರುತ್ತಿದ್ದರಂತೆ. ನೋಡುವುದು, ಹೋಗುವುದು. ಫೋನು ಇಟ್ಟ ಮೇಲೆ ನಾನು ಅಲ್ಲಿ ಇನ್ನೂ ಎರಡು ಗಂಟೆ ಕೂತಿದ್ದೆ. ನನ್ನನ್ನು ನೋಡಲು ಯಾರೂ ಬರಲಿಲ್ಲ.

"ನನ್ನನ್ನು ಅಡೆಲೀನ್ ಅಂತ ಕರಿ" ಎಂದು ಅವರು ಒಂದು ಗುರುವಾರ ಹೇಳಿದರು.

ನನಗೆ ಆಗುವುದಿಲ್ಲ, ನಮ್ಮ ಕಡೆ ಹಿರಿಯರ ಹೆಸರು ಹಿಡಿಯುವುದಿಲ್ಲ ಎಂದೆ. ಯಾಕೆ ಎಂದರು. ಟೀಚರು, ಯಾಕೆ ಎನ್ನುವುದನ್ನು ಬಿಡುವವರಲ್ಲ. ಹಾಗಾಗಿ ಲಂಡನ್ನಿನಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದೆ. ನಾನು ಹುಟ್ಟಿದ್ದು ಅಪ್ಪನ ತಾಯಿ ತೀರಿಕೊಂಡ ವರ್ಷ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ನನ್ನ ಕಿವಿಯಲ್ಲಿ ಊದಿದ್ದು ಅಜ್ಜಿಯ ಹೆಸರು, ಚಂದ್ರವ್ವ. ಆದರೆ ಅವ್ವ ತನ್ನ ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಆ ಹೆಸರು ಹೊತ್ತ ಮಗುವನ್ನು ಬಯ್ಯುವಂತೆಯೂ ಇಲ್ಲ, ಹಿರಿಯರನ್ನೇ ಬಯ್ದಂತೆ. ಬಯ್ಯದೆ ಮಗುವನ್ನು ಬೆಳೆಸುವುದು ಹೇಗೆ? ಶಾಲೆಗೆ ಹಾಕುವಾಗ ಪ್ರಾಚಿ ಎಂದು ಬರೆಸಿದರು.

ಮಿಸ್ ಕ್ರೇಮರ್ ಕೆಮ್ಮು ಬರುವವರೆಗೂ ನಕ್ಕರು. "ಬಯ್ಯುವುದಕ್ಕೇ ಬೇರೆ ಒಂದು ಹೆಸರು! ನನ್ನ ಶಾಲೆಯಲ್ಲಿ ಇದಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ಮತ್ತೆ ಆ ಇನ್ನೊಂದು ಹೆಸರಿನಿಂದ ನಿನ್ನನ್ನು ಯಾರು ಕರೆಯುತ್ತಾರೆ?"

"ಯಾರೂ ಇಲ್ಲ."

ಅಕ್ಷರ ಅಕ್ಷರ ಹೇಳಿಸಿ ಬರೆದುಕೊಂಡರು. ಆಮೇಲೆ ಫೋನು ಬಂದಾಗಲೆಲ್ಲ "ಚಂದ್ರವ್ವ ಇದ್ದಾಳಾ?" ಎಂದೇ ಮಾತು ಶುರು. ಅಂಥ ಗುರುವಾರ ಸಂಜೆಗಳಲ್ಲಿ ಡೈರಿಯಲ್ಲಿ ಎರಡು ಪುಟ ಬರೆಯುತ್ತಿದ್ದೆ. ಬೇರೆ ದಿನ ಎರಡು ಸಾಲು.

ಮೇ ತಿಂಗಳಲ್ಲಿ ರೈನ್ ನದಿಯ ಪಶ್ಚಿಮಕ್ಕಿರುವ ಚರ್ಚುಗಳ ಹುಟ್ಟು-ಮದುವೆ-ಸಾವಿನ ಪುಸ್ತಕಗಳ ಫೋಟೋಗಳಲ್ಲಿ ಇಬ್ಬರು ವೆಂಡೆಲ್ ಕ್ರೇಮರರು ಸಿಕ್ಕಿದರು. ಒಂದೇ ವರ್ಷ, 1678ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದವರು. ಎರಡು ಗಂಟೆ ನಡೆದರೆ ಸಿಗುವ ಎರಡು ಹಳ್ಳಿಗಳು. ಹೋಫ್‌ಬಾಖ್‌ನಲ್ಲಿ ಆಡಂ ಕ್ರೇಮರನ ಮಗ ವೆಂಡೆಲ್. ರೀಡ್‌ಹೈಮ್‌ನಲ್ಲಿ ನಿಕೊಲಾಸ್ ಕ್ರೇಮರನ ಮಗ ವೆಂಡೆಲ್. ಇಬ್ಬರಲ್ಲಿ ನಮ್ಮವನು ಯಾರು?

ಉತ್ತರ ನನಗೆ ಅರ್ಧ ನಿಮಿಷದಲ್ಲಿ ಹೊಳೆಯಿತು. ನಮ್ಮ ವೆಂಡೆಲನಿಗೆ ಅಮೆರಿಕದಲ್ಲಿ ಹುಟ್ಟಿದ ಮೊದಲ ಮಗನ ಹೆಸರು ಆಡಂ. ಇನ್ನೇನು ಬೇಕು? ಮೊದಲ ಗಂಡುಮಗುವಿಗೆ ಅಜ್ಜನ ಹೆಸರು. ನನ್ನ ಅಪ್ಪ ಮುರಿಗೆಪ್ಪ, ಅಪ್ಪನ ಅಜ್ಜ ಮುರಿಗೆಪ್ಪ, ಅವರ ಅಜ್ಜನೂ ಮುರಿಗೆಪ್ಪ. ಧಾರವಾಡದ ನಮ್ಮ ಓಣಿಯಲ್ಲಿ ಮೊಮ್ಮಗನ ಹೆಸರು ಕೇಳಿ ಅಜ್ಜ ಯಾರೆಂದು ಸಣ್ಣ ಹುಡುಗರೂ ಹೇಳುತ್ತಾರೆ. ನಮ್ಮ ವರದಿಯ ಕೊನೆಯಲ್ಲಿ ಮೂರು ಚೌಕಗಳಿರುತ್ತವೆ: ಸಾಧ್ಯ, ಬಹುಮಟ್ಟಿಗೆ ಸರಿ, ಖಚಿತ. ನಾನು ಮೂರನೆಯದಕ್ಕೆ ಗುರುತು ಹಾಕಿದೆ. ರೀಡ್‌ಹೈಮ್‌ನ ಪುಸ್ತಕವನ್ನು ಮುಂದೆ ತಿರುವಿ ನೋಡಲಿಲ್ಲ. ಹೋಫ್‌ಬಾಖ್‌ನ ಸಾವಿನ ಪುಟಗಳು ತೀರ ಮಸುಕಾಗಿದ್ದವು, ಅವನ್ನೂ ನೋಡಲಿಲ್ಲ.

"ಆಡಂ!" ಎಂದರು ಮಿಸ್ ಕ್ರೇಮರ್. ಆಮೇಲೆ ಮೂಗು ಒರೆಸಿಕೊಂಡ ಸದ್ದು ಬಂತು. "ನನ್ನ ಅಪ್ಪ ಎಪ್ಪತ್ತು ವರ್ಷ ಹುಡುಕಿ ಸತ್ತರು, ಗೊತ್ತಾ? ನೀನು ಐದು ತಿಂಗಳಲ್ಲಿ ಹುಡುಕಿಬಿಟ್ಟೆ."

ವರದಿ ಹೋದ ಮೇಲೆ ಫೈಲು ಮುಚ್ಚಿದಂತೆ. ಇನ್ನು ಫೋನು ಬರುವುದಿಲ್ಲ ಎಂದುಕೊಂಡು ಮುಂದಿನ ಗುರುವಾರ ನೀರು ಕುಡಿಯದೆಯೇ ಕೂತಿದ್ದೆ. ನಾಲ್ಕಕ್ಕೆ ಸರಿಯಾಗಿ ಬಂತು. ಮಾತಾಡಬೇಕಾದ್ದು ಏನೂ ಇರಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದರು. ಅವರು ಸೆಪ್ಟೆಂಬರಿನಲ್ಲಿ ಹೋಫ್‌ಬಾಖ್‌ಗೆ ಹೋಗುತ್ತಾರಂತೆ. ವೆಂಡೆಲನ ಸಮಾಧಿಯ ಮಣ್ಣನ್ನು ಜಾಮಿನ ಒಂದು ಬಾಟಲಿಯಲ್ಲಿ ತುಂಬಿ, "ಆಡಂ, ನಿನ್ನ ಮಗ" ಎಂದು ಚೀಟಿ ಅಂಟಿಸಿದ್ದಾರಂತೆ. ಆಡಂನ ಊರಿನ ಚರ್ಚಿನ ಅಂಗಳಕ್ಕೆ ಅದನ್ನು ಸೇರಿಸಬೇಕು. ಹೀತ್ರೂನಲ್ಲಿ ವಿಮಾನ ಬದಲಿಸಲು ಐದು ಗಂಟೆ ಸಮಯವಿದೆ.

"ಹೊರಗೆ ಬರುತ್ತೇನೆ. ನೀನು ಬಾ. ಇಬ್ಬರೂ ಕಾಫಿ ಕುಡಿಯೋಣ. ನನ್ನ ಗುರುತು ಸಿಗುತ್ತದೆಯಾ? ಕೋಲು ಹಿಡಿದು ಸಿಡಿಮಿಡಿ ಅನ್ನುತ್ತಾ ಬರುವವಳು ನಾನು."

ಹೇಸ್‌ನಿಂದ ಹೀತ್ರೂ ರೈಲಿನಲ್ಲಿ ಹತ್ತು ನಿಮಿಷ. ನನ್ನ ಕೋಣೆಯ ಕಿಟಕಿಯಿಂದ ಇಳಿಯುವ ವಿಮಾನಗಳು ಕಾಣುತ್ತವೆ. ಎರಡು ವರ್ಷದಿಂದ ಅವು ಬರೀ ಸದ್ದಾಗಿದ್ದವು. ಆ ವಾರದಿಂದ ತಲೆಯೆತ್ತಿ ನೋಡತೊಡಗಿದೆ.

ಆಗಸ್ಟಿನ ಕೊನೆಯಲ್ಲಿ ಅವರು ಒಂದು ಸಣ್ಣ ಕೆಲಸ ಹೇಳಿದರು. ವೆಂಡೆಲನ ಏಳು ಮಕ್ಕಳ ನಾಮಕರಣದ ದಾಖಲೆಗಳನ್ನು ಪೂರ್ತಿ, ಒಂದಕ್ಷರ ಬಿಡದೆ, ಬೆರಳಚ್ಚು ಮಾಡಿಕೊಡಬೇಕು. ಅವನ್ನು ಜೊತೆಗೆ ಒಯ್ಯುತ್ತಾರೆ. ಮೊದಲು ನಾನು ಅವುಗಳಲ್ಲಿ ಮಗು, ಅಪ್ಪ, ಅವ್ವ ಇಷ್ಟನ್ನೇ ಬರೆದುಕೊಂಡಿದ್ದೆ. ಸಾಲಿನ ಕೊನೆಯಲ್ಲಿದ್ದ ಹೆಸರುಗಳನ್ನು ಸಾಕ್ಷಿಗಳೆಂದು ಬಿಟ್ಟಿದ್ದೆ. ಈಗ ಅವನ್ನೂ ಬರೆಯುತ್ತಾ ಹೋದೆ. ಮಗು ಆಡಂ, ಚರ್ಚಿನಲ್ಲಿ ಧರ್ಮಪಿತನಾಗಿ ಮಗುವನ್ನು ಎತ್ತಿಕೊಂಡವನು ಆಡಂ ಶೇರರ್. ಮಗು ಎಲಿಸಬೆತ್; ಎತ್ತಿಕೊಂಡವಳು ಎಲಿಸಬೆತ್, ಬೇಕರನ ಹೆಂಡತಿ. ಮಗು ಯೋಸ್ಟ್, ಎತ್ತಿಕೊಂಡವನು ಯೋಸ್ಟ್. ಏಳಕ್ಕೆ ಏಳೂ ಹಾಗೆಯೇ.

ನಾಲ್ಕನೆಯದಕ್ಕೇ ನನಗೆ ಗೊತ್ತಾಗಿತ್ತು. ಆ ಜನ ಮಗುವಿಗೆ ಅಜ್ಜನ ಹೆಸರಿಡುವವರಲ್ಲ. ಮಗುವನ್ನು ಎತ್ತಿಕೊಂಡವರ ಹೆಸರಿಡುವವರು.

ಹೋಫ್‌ಬಾಖ್‌ನ ಮಸುಕು ಪುಟಗಳನ್ನು ತೆರೆದು, ಬೆಳಕು ಹೆಚ್ಚಿಸಿ, ಒಂದೊಂದೇ ಸಾಲು ಓದಿದೆ. 1682ರ ಮಾರ್ಚ್ ತಿಂಗಳು: ಆಡಂ ಕ್ರೇಮರನ ಮಗ ವೆಂಡೆಲ್, ವಯಸ್ಸು ನಾಲ್ಕು, ಮಣ್ಣು ಮಾಡಲಾಯಿತು. ಆಮೇಲೆ ರೀಡ್‌ಹೈಮ್‌ನ ಮದುವೆಯ ಪುಟಗಳು. ನಿಕೊಲಾಸನ ಮಗ ವೆಂಡೆಲನ ಮದುವೆ 1707ರಲ್ಲಿ. ಪಕ್ಕದ ಅಂಚಿನಲ್ಲಿ ಪಾದ್ರಿಯ ಸಣ್ಣ ಅಕ್ಷರ: ಹೆಂಡತಿಯೊಡನೆ ಹೊಸ ನಾಡಿಗೆ ಹೋದ. ಇಷ್ಟು ದಿನವೂ ಅದು ಅಲ್ಲೇ ಇತ್ತು.

ಅವ್ವನಿಗೆ ಫೋನು ಮಾಡಿದೆ.

"ಯಾಕ, ಇಷ್ಟೊತ್ತಿನ್ಯಾಗ? ಉಂಡಿಯಿಲ್ಲ?"

"ಉಂಡೇನಿ. ಯವ್ವಾ, ಮೊದಲನೇ ಮಗಗ ಅಜ್ಜನ ಹೆಸರ ಇಡಲಿಲ್ಲಂದ್ರ ಏನಾಗತೈತಿ?"

"ಮತ್ತ ಯಾರ ಹೆಸರ ಇಡತಾರ? ಓಣ್ಯಾಗ ಹೋಗಾವಂದಾ?" ಅವ್ವ ನಕ್ಕಳು. ಆಮೇಲೆ ದನಿ ಇಳಿಸಿದಳು. "ಯಾಕ ಕೇಳಾಕತ್ತಿ? ಅಲ್ಲಿ ಏನರ ಮಾಡ್ಕೊಂಡಿಯೇನ?"

"ಆಫೀಸಿನ ಕೆಲಸದ್ದು ಬೇ."

"ಹೌದಾ? ಚಲೋ ಆಫೀಸ ಐತಿ ತಗೋ."

ಸತ್ಯಪ್ರಕಾಶ್ ಸರ್ ಮರುದಿನ ಬಂದಾಗ ಪುಟಗಳನ್ನು ಮುಂದಿಟ್ಟು, "ಸರ್, ತಪ್ಪಾಗೇತ್ರಿ" ಎಂದೆ. ಅವರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಓದಿದರು.

"ಹೌದು, ತಪ್ಪೇ" ಎಂದರು. "ನಾನೂ ಗಮನಿಸ್ಲಿಲ್ಲ ನೋಡು. ನಮ್ಮನೇಲೂ ಅಜ್ಜನ ಹೆಸರೇ ಅಲ್ವಾ, ಸರಿಯಾಗೇ ಇದೆ ಅನ್ನಿಸ್ತು." ಸ್ವಲ್ಪ ಹೊತ್ತು ಕುರ್ಚಿ ತೂಗಿದರು. "ಆಕೆ ಹೊರಡೋದು ಯಾವತ್ತು?"

"ಹದಿನಾರು ದಿನ ಐತ್ರಿ."

"ಟಿಕೆಟ್ ಆಗಿದೆ, ಬಾಟ್ಲಿ ತುಂಬಿದೆ. ಪ್ರಾಚಿ, ನೋಡಮ್ಮಾ, ಮುನ್ನೂರು ವರ್ಷದ ಹಿಂದಿನ ಸಮಾಚಾರ. ಎಂಬತ್ತೆರಡು ವರ್ಷದ ಹೆಂಗಸು ಖುಷಿಯಾಗಿದ್ದಾಳೆ. ಆ ಹಳ್ಳಿ ಆದ್ರೇನು, ಈ ಹಳ್ಳಿ ಆದ್ರೇನು? ಎರಡು ಗಂಟೆ ದಾರಿ ಅಂತೀಯ."

"ಅಲ್ಲಿ ಆಕಿ ಯಾರಿಗೂ ಏನೂ ಆಗಬೇಕಾಗಿಲ್ರಿ ಸರ್. ಯಾರದೋ ಅಂಗಳಕ್ಕ ಹೋಗಿ ನಿಂತಂಗ ಆಗತೈತಿ."

ಅವರು ನನ್ನ ಮುಖ ನೋಡಿದರು. ನಾನು ಅವರೆದುರು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲಿರಬೇಕು. "ನಿನ್ನ ಜೊತೆ ತಾನೇ ಆಕೆ ಮಾತಾಡೋದು? ನೀನೇ ಯೋಚ್ನೆ ಮಾಡು. ಹೇಳೋದಾದ್ರೆ ನೀನೇ ಹೇಳು. ಇಮೇಲ್ ಬೇಡ, ಅದು ಹೇಡಿತನ" ಎಂದು ಕೆಂಟನ್‌ಗೆ ಹೊರಟರು.

ಗುರುವಾರಕ್ಕೆ ಎರಡು ದಿನವಿತ್ತು. ಹೇಳದಿದ್ದರೆ ಏನೇನು ಉಳಿಯುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಗಂಟೆಯ ಫೋನು ಉಳಿಯುತ್ತದೆ. ಹೀತ್ರೂನ ಕಾಫಿ ಉಳಿಯುತ್ತದೆ. ಚಂದ್ರವ್ವ ಇದ್ದಾಳಾ ಎಂದು ಕೇಳುವ ಒಂದು ದನಿ ಉಳಿಯುತ್ತದೆ. ನಾಲ್ಕು ವರ್ಷಕ್ಕೇ ಸತ್ತ ಮಗು ಬಂದು ಸಾಕ್ಷಿ ಹೇಳುವುದಿಲ್ಲ.

ಆ ಎರಡು ದಿನ ಡೈರಿಯಲ್ಲಿ ಏನೂ ಬರೆಯಲಿಲ್ಲ.

"ಚಂದ್ರವ್ವ ಇದ್ದಾಳಾ?" ಎಂದರು ಗುರುವಾರ. "ಸೂಟ್‌ಕೇಸ್ ತೆಗೆದಿಟ್ಟೆ. ಅಲ್ಲಿ ಮಳೆ ಇರುತ್ತದಾ? ಒಳ್ಳೆಯ ಷೂ ಒಯ್ಯಲಾ, ಹಳೆಯದಾ?"

"ಮಿಸ್ ಕ್ರೇಮರ್, ನಾನು ತಪ್ಪು ಮಾಡಿದ್ದೇನೆ."

ಎಲ್ಲವನ್ನೂ ಹೇಳಿದೆ. ಬರೆದಿಟ್ಟುಕೊಂಡಿದ್ದನ್ನು ಓದಿದೆ ಎನ್ನುವುದೇ ಸರಿ.

"ನೀನು ಖಚಿತ ಅಂತ ಗುರುತು ಹಾಕಿದ್ದೆ."

"ಹೌದು."

"ಯಾವ ಆಧಾರದ ಮೇಲೆ?"

"ಮೊದಲ ಮಗನಿಗೆ ಅಜ್ಜನ ಹೆಸರಿಟ್ಟಿದ್ದಾರೆ ಅಂದುಕೊಂಡೆ. ನಮ್ಮಲ್ಲಿ ಹಾಗೆ."

"ನಿಮ್ಮಲ್ಲಿ!" ಅವರು ನಕ್ಕರು, ಮೊದಲಿನ ನಗು ಅದಾಗಿರಲಿಲ್ಲ. "ಅಂದರೆ ನನ್ನ ಮುತ್ತಜ್ಜನನ್ನು ನಿಮ್ಮ ಧಾರವಾಡದ ತೊಟ್ಟಿಲಲ್ಲಿ ಹಾಕಿ ತೂಗಿದೆ. ನಲವತ್ತು ವರ್ಷ ಪಾಠ ಮಾಡಿದ್ದೇನೆ ನಾನು. ಊಹೆಯನ್ನು ಉತ್ತರ ಅಂತ ಬರೆದವರಿಗೆ ಸೊನ್ನೆ ಕೊಡುತ್ತಿದ್ದೆ." ದನಿ ಸಣ್ಣದಾಯಿತು. "ಮೂರು ತಿಂಗಳಿಂದ ಆ ಮನುಷ್ಯನ ಜೊತೆ ಮಾತಾಡಿದ್ದೇನೆ. ಆಡಂ ಜೊತೆ. ಬೆಳಗ್ಗೆ ಹಕ್ಕಿಗಳಿಗೆ ಕಾಳು ಹಾಕುವಾಗ. ಎಂಥ ಹುಚ್ಚು ಮುದುಕಿ ಇರಬೇಕು ನಾನು."

"ಇಲ್ಲ. ನಾನೂ..." ಮುಂದಿನದನ್ನು ಬರೆದುಕೊಂಡಿರಲಿಲ್ಲ.

"ಕಾಗದಗಳನ್ನು ಕಳಿಸು" ಎಂದು ಫೋನು ಇಟ್ಟರು.

ಅಂದೇ ಕಳಿಸಿದೆ. ಈ ಸಲ ಖಚಿತದ ಎದುರು ಗುರುತು ಹಾಕುವ ಮೊದಲು ಪುಟಗಳನ್ನು ಮೂರು ಸಲ ನೋಡಿದೆ. ಉತ್ತರ ಬರಲಿಲ್ಲ. ಮುಂದಿನ ಗುರುವಾರ ನಾಲ್ಕಾಯಿತು, ನಾಲ್ಕೂಕಾಲಾಯಿತು. ಕೆಳಗೆ ಗೋದಾಮಿನಲ್ಲಿ ಲಾರಿ ಹಿಂದೆ ಬರುವಾಗಿನ ಪೀಂ ಪೀಂ ಸದ್ದು. ನೀರು ಕುಡಿದ ಲೋಟ ತೊಳೆದಿಟ್ಟೆ.

ಅವರ ವಿಮಾನದ ನಂಬರು ನನ್ನ ಬಳಿಯಿತ್ತು. ಆ ದಿನ ರಜೆ ಹಾಕಿ ಹೀತ್ರೂಗೆ ಹೋದೆ. ಬಾ ಎಂದು ಅವರು ಮತ್ತೆ ಹೇಳಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಬಂದಿಳಿದವರು ಹೊರಬರುವ ಬಾಗಿಲ ಎದುರು ಕಂಬಿ ಹಿಡಿದು ನಿಂತೆ. ಪಕ್ಕದಲ್ಲಿ ಹೆಸರಿನ ಫಲಕ ಹಿಡಿದ ಡ್ರೈವರುಗಳು, ಹೂಗುಚ್ಛ ಹಿಡಿದ ಒಂದು ಸಂಸಾರ. ಬೋರ್ಡಿನಲ್ಲಿ ಅವರ ವಿಮಾನ ಇಳಿಯಿತೆಂದು ಬಂತು. ಕೋಲು ಹಿಡಿದ ಮೂವರು ಮುದುಕಿಯರು ಬಂದರು. ಮೂವರನ್ನೂ ಯಾರೋ ಕರೆದುಕೊಂಡು ಹೋದರು. ನಾಲ್ಕು ಗಂಟೆ ನಿಂತಿದ್ದೆ. ಮುಂದಿನ ವಿಮಾನ ಹತ್ತುವವರು ಹೊರಗೆ ಬರಲೇಬೇಕೆಂದಿಲ್ಲ. ಒಳಗಿಂದ ಒಳಗೇ ಹೋಗಬಹುದು. ಅಥವಾ ಹೊರಟೇ ಇಲ್ಲವೇನೋ. ಕಾಫಿ ಅಂಗಡಿಯಲ್ಲಿ ಇಬ್ಬರ ಮೇಜಿಗೆ ಕೂತು ಒಂದು ಕಾಫಿ ಕುಡಿದು ಹೇಸ್‌ಗೆ ಮರಳಿದೆ.

ಎರಡು ವಾರ ಕಳೆದು ಒಂದು ಮಂಗಳವಾರ, ಸತ್ಯಪ್ರಕಾಶ್ ಸರ್ ಮೆಟ್ಟಿಲ ಕೆಳಗಿನ ಟಪಾಲು ತಂದರು, ಅದರಲ್ಲೊಂದು ಚಿತ್ರದ ಪೋಸ್ಟ್‌ಕಾರ್ಡು.

"ಯಾರಮ್ಮಾ ಇದು? ಚಂದ್ರ... ಚಂದ್ರವ್ವ ಅಂತಿದೆ. ನಮ್ಮ ವಿಳಾಸಾನೇ. ಕೆಳಗಡೆ ಗೋದಾಮಿನವರಲ್ಲಿ ಹೊಸಬರು ಯಾರಾದ್ರೂ ಬಂದಿದಾರಾ? ಇಲ್ಲಾಂದ್ರೆ 'ಇಲ್ಲಿ ಯಾರೂ ಇಲ್ಲ' ಅಂತ ಬರ್ದು ವಾಪಸ್ ಹಾಕ್ಬಿಡ್ತೀನಿ." ಪೆನ್ನು ಆಗಲೇ ಕೈಯಲ್ಲಿತ್ತು.

ನಾನು ಎದ್ದು ನಿಂತೆ. ಅದು ನನ್ನ ಆ ದಿನದ ಮೊದಲ ಮಾತು, ಒಡಕಾಗಿಯೇ ಬಂತು.

"ನಾನ ರೀ ಸರ್. ಚಂದ್ರವ್ವ ನಾನ."

ಅವರು ಕಾರ್ಡನ್ನೂ ನನ್ನನ್ನೂ ನೋಡಿದರು. "ನೀನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯ್ತು, ಹೇಳ್ಲೇ ಇಲ್ವಲ್ಲಮ್ಮಾ!"

"ನೀವು ಕೇಳಿದ್ದಿಲ್ರಿ."

ಚಿತ್ರದ ಕಡೆ ಒಂದು ಸಣ್ಣ ಚರ್ಚು, ಹಿಂದೆ ದ್ರಾಕ್ಷಿತೋಟದ ಇಳಿಜಾರು. ಹಿಂಬದಿಯಲ್ಲಿ ಟೀಚರ ನೆಟ್ಟನೆಯ ಅಕ್ಷರ.

"ಹೀತ್ರೂನಲ್ಲಿ ಹೊರಗೆ ಬರಲಿಲ್ಲ. ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ರೀಡ್‌ಹೈಮ್‌ಗೆ ಹೋಗಿ ಅರ್ಧ ಬಾಟಲಿ ಮಣ್ಣು ಹಾಕಿದೆ. ನಿಕೊಲಾಸನಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ, ಅವನ ಪರಿಚಯವೇ ಆಗಿಲ್ಲ. ಮರುದಿನ ಟ್ಯಾಕ್ಸಿ ಮಾಡಿ ಹೋಫ್‌ಬಾಖ್‌ಗೆ ಹೋದೆ. ಮಗುವಿಗೆ ಕಲ್ಲು ಇಲ್ಲ. ಗೋಡೆಯ ಹತ್ತಿರ ಉಳಿದರ್ಧ ಹಾಕಿ, ಆಡಂನ ಮಗ ವೆಂಡೆಲ್ ಎಂದು ಜೋರಾಗಿ ಕರೆದೆ. ಮುನ್ನೂರ ನಲವತ್ತು ವರ್ಷದಿಂದ ಅವನನ್ನು ಯಾರೂ ಕರೆದಿರಲಿಕ್ಕಿಲ್ಲ. ಗುರುವಾರ ಇನ್ನು ಫೋನು ಮಾಡುವುದಿಲ್ಲ. ಹೇಳಿದ್ದು ಒಳ್ಳೆಯದಾಯಿತು. ಅ.ಕ್ರೇ."

ನಿಂತೇ ಎರಡು ಸಲ ಓದಿದೆ. ಸರ್ ಆಚೆ ಕೋಣೆಯಲ್ಲಿ ಯಾರೊಡನೆಯೋ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ಕೂತು, ಮುಚ್ಚಿದ ಫೈಲನ್ನು ತೆರೆದೆ. ಹೋಫ್‌ಬಾಖ್‌ನ ವೆಂಡೆಲನ ಪುಟ: ಹುಟ್ಟು, ಸಾವು, ತಂದೆ. ಸಂತತಿ ಎಂಬ ಕಡೆ 'ಇಲ್ಲ' ಎಂದಿತ್ತು. ಕೆಳಗೆ ಷರಾ ಬರೆಯುವ ಜಾಗ ಖಾಲಿಯಿತ್ತು. ಅಲ್ಲಿ ಬರೆದೆ: ನೋಡಲು ಬಂದವರು, ಒಬ್ಬರು.